ಕಾದಂಬರಿಯ ಸಾಲಿಗೂ ಚೆಕ್ಕುಬಂದಿ

ನಿವೃತ್ತಿಯಾದ ಮೇಲೆ ಅಪ್ಪ ಮಾತು ಕಡಿಮೆ ಮಾಡಿದ್ದು ನನಗೆ ಭಯ ಹುಟ್ಟಿಸಿತ್ತು. ಊರೂರು ಸುತ್ತಿ ಜಮೀನಿನ ದಾಖಲೆ ಬರೆಯುತ್ತಿದ್ದ ಗ್ರಾಮಲೆಕ್ಕಿಗರು, ದೇವನಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೋಗಿಬರುವ ಬಸ್ಸುಗಳನ್ನು ನೋಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಅಮ್ಮ ಇದ್ದಿದ್ದರೆ ಬೈದು ಎಬ್ಬಿಸುತ್ತಿದ್ದಳು. ನಾನು ಬೈದರೆ ಅವರು ಏಳುತ್ತಿರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಕನ್ನಡ ನಿಘಂಟೊಂದನ್ನು ಇಂಟರ್‌ನೆಟ್ಟಿಗೆ ಹಾಕುತ್ತಿದ್ದ ಬೆಂಗಳೂರಿನ ಪುಟ್ಟ ಆಫೀಸೊಂದರಲ್ಲಿ ನಾನು ಕೆಲಸಕ್ಕಿದ್ದೆ. ಪದದ ಅರ್ಥ ಕೊಟ್ಟರೆ ಸಾಲದು. ಆ ಪದ ಬಳಸಿದ ಒಂದು ಸಾಲನ್ನು ಕಥೆಯಿಂದಲೋ ಕಾದಂಬರಿಯಿಂದಲೋ ತೆಗೆದು, ಲೇಖಕರ ಹೆಸರು, ಪುಸ್ತಕ, ಪುಟದ ಸಮೇತ ಕೆಳಗೆ ಕೊಡಬೇಕು. ಓದಿ ಹುಡುಕಿಕೊಡುವವರು ಸಿಗದೆ ಪರದಾಡುತ್ತಿದ್ದೆವು. ಒಂದು ಸಂಜೆ ಖಾಲಿ ಚೀಟಿಗಳ ಕಟ್ಟನ್ನು ಅಪ್ಪನ ಮುಂದಿಟ್ಟೆ.

"ಲೈಬ್ರರೀಲಿ ಕೂತ್ಕೊಂಡು ಓದಿ, ಸಾಲು ಬರ್ಕೊಡಿ, ಅಷ್ಟೇ," ಅಂದೆ.

ಅಪ್ಪ ಕನ್ನಡಕ ಒರೆಸಿಕೊಂಡು ಒಂದು ಚೀಟಿ ಎತ್ತಿಕೊಂಡರು.

ಆಮೇಲೆ ರಾತ್ರಿ ಊಟಕ್ಕೆ ಅವರೇ ಮೊದಲು ಬಂದು ಕೂರತೊಡಗಿದರು. "ಆ ಕಾದಂಬರಿ ಗೌಡನಿಗೆ ಬುದ್ಧಿ ಇಲ್ಲ ಕಣಮ್ಮ. ಅಳತೆ ಮಾಡಿಸ್ದೆ ಜಮೀನು ಮಾರ್ಬಿಟ್ಟ," ಎಂದು ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ತೀರ್ಪು ಕೊಡುತ್ತಿದ್ದರು. ನನಗೆ ಹಾಲು ಕುಡಿದಷ್ಟು ಸಂತೋಷ.

ಅವರ ಚೀಟಿಗಳನ್ನು ನೋಡಿದ ನಮ್ಮ ಸಂಪಾದಕಿ ಮಾತ್ರ ನನ್ನನ್ನು ಕರೆದು, "ಇದೇನಮ್ಮಾ, ಸೈಟ್ ರಿಜಿಸ್ಟ್ರೇಷನ್ನಾ?" ಎಂದರು. ಅಪ್ಪ ಒಂದಕ್ಕೂ ಪುಟ ಸಂಖ್ಯೆ ಬರೆದಿರಲಿಲ್ಲ. ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿಗೂ ಯಾರ ಹೊಲ, ಯಾರ ಬಾವಿ ಎಂದು ಚೆಕ್ಕುಬಂದಿ ಬರೆಯುವಂತೆ, ಪ್ರತಿ ಸಾಲಿಗೂ ಗಡಿ ಗುರುತಿಸಿದ್ದರು. ಕಾಳು ತುಂಬಿಡುವ ನೆಲಗುಂಡಿಗೆ ಹೇಳುವ 'ಹಗೇವು' ಪದದ ಚೀಟಿಯಲ್ಲಿ ಹೀಗಿತ್ತು: ಮೇಲಕ್ಕೆ ಮುದುಕಿ ಬಾಗಿಲು ಹಾಕುವ ವಾಕ್ಯ, ಕೆಳಕ್ಕೆ ಎಮ್ಮೆ ತಪ್ಪಿಸಿಕೊಂಡ ಪ್ರಸಂಗ, ಎದುರು ಪುಟದಲ್ಲಿ ಮದುವೆ ಮಾತುಕತೆ.

"ಪುಟ ಇಲ್ಲದ್ದು ಹಾಕೋಕಾಗಲ್ಲ. ಈ ಕೆಲಸ ಬೇರೆ ಯಾರಿಗಾದ್ರೂ ಕೊಡಿ," ಎಂದರು ಸಂಪಾದಕಿ.

ಕೊಟ್ಟರೆ ಅಪ್ಪ ಮತ್ತೆ ಜಗಲಿಗೆ ಹೋಗುತ್ತಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಮನೆಗೆ ಬಂದು ಹೇಳಿದ್ದಕ್ಕೆ ಅಪ್ಪ ಕೆರಳಿದರು.

"ಪುಸ್ತಕ ಇನ್ನೊಂದ್ಸಲ ಅಚ್ಚು ಹಾಕಿಸಿದ್ರೆ ಪುಟ ಬದಲಾಗುತ್ತೆ. ಅಕ್ಕಪಕ್ಕದ ಮಾತು ಎಲ್ಲಿಗೆ ಹೋಗುತ್ತೆ?"

"ಅವರು ಕೇಳೋದು ಪುಟ. ಪುಟ ಕೊಡಿ."

"ನಾನು ಕೊಡಲ್ಲ," ಎಂದು ಎದ್ದು ಜಗಲಿಗೇ ಹೋದರು.

ಹಟದಲ್ಲಿ ನಾನು ಅವರ ಮಗಳೇ. ಭಾನುವಾರ ಬೆಳಿಗ್ಗೆ ಚೀಟಿಗಳ ಜೊತೆ ಅವರನ್ನೂ ಲೈಬ್ರರಿಗೆ ಎಳೆದುಕೊಂಡು ಹೋದೆ. ನಾನು ಚೀಟಿ ಓದುವುದು, ಅವರು ಪುಸ್ತಕ ತೆಗೆದು ಎಮ್ಮೆಯನ್ನೋ ಮುದುಕಿಯನ್ನೋ ಹುಡುಕುವುದು, ಸಾಲು ಸಿಕ್ಕಾಗ ನಾನು ಪುಟ ಬರೆದುಕೊಳ್ಳುವುದು. ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದವರು, ಹೊತ್ತೇರಿದಂತೆ ನನಗಿಂತ ಮೊದಲೇ ಪುಟ ಹೇಳತೊಡಗಿದರು. ಸಂಪಾದಕಿಯೂ ಒಪ್ಪಿಕೊಂಡರು. ಹೊಸ ಚೀಟಿಗಳಲ್ಲಿ ಪುಟದ ಜೊತೆ ಚೆಕ್ಕುಬಂದಿಯೂ ಇರುತ್ತಿತ್ತು. ಟೈಪ್ ಮಾಡುವಾಗ ನಾನು ಅದನ್ನು ಬಿಡುತ್ತಿದ್ದೆ.

ಕೊನೆಗೊಂದು ದಿನ ನಿಘಂಟು ಇಂಟರ್‌ನೆಟ್ಟಿನಲ್ಲಿ ಕಾಣಿಸಿತು. ಅಪ್ಪನನ್ನು ಆಫೀಸಿಗೆ ಕರೆದೊಯ್ದು ಕಂಪ್ಯೂಟರ್ ಮುಂದೆ ಕೂರಿಸಿದೆ. ಕೆಲಸ ಮುಗಿಯಿತಲ್ಲ, ನಾಳೆಯಿಂದ ಇವರನ್ನು ಏನು ಮಾಡಲಿ?

'ಹಗೇವು' ತೆರೆದೆ. ತಾವು ಹುಡುಕಿದ ಸಾಲನ್ನು ಅಪ್ಪ ನಿಧಾನವಾಗಿ ಓದಿ, ಪುಟ ಸಂಖ್ಯೆಯ ಮೇಲೆ ಒಂದು ಕ್ಷಣ ಬೆರಳಿಟ್ಟರು. ಹೊಗಳುತ್ತಾರೆಂದು ಕಾದೆ. ಅವರು ಕೆಳಗಿನ ಪದ ನೋಡುತ್ತಿದ್ದರು. 'ಹಗ್ಗ'. ಅರ್ಥವಿತ್ತು, ಅದರಡಿ ಖಾಲಿ.

"ಇದಕ್ಕೆ ಸಾಲು ಸಿಕ್ಕಿಲ್ವಾ?"

"ಎಲ್ಲರೂ ಅಪರೂಪದ ಪದಾನೇ ಹುಡುಕ್ತಾರೆ ಅಪ್ಪ. ಇಂಥದ್ದನ್ನ ಯಾರೂ ಬರ್ಕೊಡಲ್ಲ."

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಲೈಬ್ರರಿ ಎಷ್ಟೊತ್ತಿಗೆ ಮುಚ್ತಾರೆ?" ಎಂದು ಕೇಳಿದರು.