ಎಡಗಿವಿಗೆ ಹತ್ತಿ ಇಟ್ಟುಕೊಂಡ ದೋಸೆ ಭಟ್ಟರು

ನನ್ನ ಮಗಳ ಎಡಗಿವಿ ಕೆಡಿಸಿದವಳು ನಾನೇ. ದೃಷ್ಟಿ ತಾಗಿತು, ಮದ್ರಾಸಿನ ನೀರು ಒಗ್ಗಲಿಲ್ಲ ಎಂದು ಆಗ ಹೇಳಿಕೊಂಡು ತಿರುಗಿದ್ದೆಲ್ಲ ಸುಳ್ಳು. ನಿಜ ಏನೆಂದು ತೋರಿಸಿಕೊಟ್ಟವರು ನಮ್ಮ ಹೋಟೆಲಿನ ದೋಸೆ ಭಟ್ಟರು. ಅವರ ಎಡಗಿವಿಯಲ್ಲಿ ಸದಾ ಒಂದು ಉಂಡೆ ಹತ್ತಿ ತುರುಕಿರುತ್ತಿತ್ತು.

ಮದ್ರಾಸಿನ ಕೀಲ್ಪಾಕಿನಲ್ಲಿ ನಮ್ಮ ಯಜಮಾನರು ಹೋಟೆಲು ಇಟ್ಟಿದ್ದರು. ಅದರ ಹಿಂದುಗಡೆಯೇ ಮನೆ. ಉಡುಪಿ ಕಡೆಯ ಈ ಭಟ್ಟರು ಕಾವಲಿಯ ಮುಂದೆ ಓರೆಯಾಗಿ ನಿಲ್ಲುತ್ತಿದ್ದರು, ಹೊರಗಿನ ಕೂಗು ಬಲಗಿವಿಗೆ ಬೀಳುವ ಹಾಗೆ.

"ಭಟ್ರ ಎಡಗಿವಿಗೆ ಕಾಗದ ಬರೆದು ಹಾಕ್ಬೇಕು" ಎಂದು ಸಪ್ಲೈಯರುಗಳು ಆಡಿಕೊಂಡರೆ, "ಒಳ್ಳೇದೇ ಆಯ್ತಲ್ಲ ಮಾರಾಯ, ನಿಮ್ಮ ಬೈಗುಳ ಅರ್ಧವೇ ಕೇಳ್ತದೆ" ಎನ್ನುತ್ತಿದ್ದರು. ಹತ್ತಿ ಯಾಕೆ ಎಂದು ಕೇಳಿದರೆ, "ಗಾಳಿ ಹೋಗ್ತದೆ" ಅಷ್ಟೇ. ಹದ ನೋಡಲು ಹಾಕಿದ ಮೊದಲ ದೋಸೆ ಸೀದರೂ ಎಸೆಯದೆ ತಾವೇ ತಿನ್ನುತ್ತಿದ್ದರು.

ಮಗಳಿಗೆ ಆಗ ಐದು ವರ್ಷ. ನೆಗಡಿಯಾದಾಗಲೆಲ್ಲ ಎಡಗಿವಿ ಸೋರುತ್ತಿತ್ತು. ಊರಿನ ಪದ್ಧತಿಯಂತೆ ಪ್ರತಿ ಶನಿವಾರ ಎಣ್ಣೆಸ್ನಾನದ ಹೊತ್ತಿಗೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಅದೇ ಕಿವಿಗೆ ಬಿಡುತ್ತಿದ್ದೆ. ಅತ್ತರೆ ತೊಡೆಯ ಮೇಲೆ ಅದುಮಿ ಹಿಡಿದು ಬಿಡುತ್ತಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ, ಜನ ಕಡಿಮೆಯಾದ ಮೇಲೆ, ಭಟ್ಟರು ಹಿತ್ತಲಿಗೆ ಬಂದರು. ಮಗಳ ಬೆನ್ನ ಹಿಂದೆ ಕೂತು, ಆಟವೆಂಬಂತೆ ಅವಳ ಬಲಗಿವಿ ಮುಚ್ಚಿ, "ಪುಟ್ಟಿ, ಮೈಸೂರುಪಾಕು ಬೇಕಾ?" ಎಂದು ಪಿಸುಗುಟ್ಟಿದರು. ಅವಳು ತಿರುಗಲಿಲ್ಲ. ಎಡಗಿವಿ ಮುಚ್ಚಿ ಮತ್ತೆ ಕೇಳಿದರು. ಬೀದಿಯ ಮಕ್ಕಳ ತಮಿಳಿನಲ್ಲಿ "ಎಂಗೆ?" ಎಂದು, ಎಲ್ಲಿದೆ ಎನ್ನುತ್ತ ಕೈ ಚಾಚಿದಳು.

"ಅಕ್ಕ, ಸೋರುವ ಕಿವಿಗೆ ಎಣ್ಣೆ ಬಿಡ್ಬೇಡಿ."

"ನೀವು ನಿಮ್ಮ ದೋಸೆ ನೋಡ್ಕೊಳ್ಳಿ ಭಟ್ರೇ. ಮಗು ನನ್ನದು."

ಅವರು ಕಿವಿಯ ಹತ್ತಿ ತೆಗೆದು ನನ್ನ ಮುಂದೆ ಹಿಡಿದರು. ಹಳದಿಯಾಗಿತ್ತು. ಮಗಳ ತಲೆದಿಂಬಿಗೆ ಹತ್ತಿದ್ದ ಅದೇ ಕೊಳೆತ ವಾಸನೆ.

"ನನ್ನ ತಾಯಿಯೂ ಹೀಗೇ ಬಿಡ್ತಿದ್ರು, ಪ್ರೀತಿಯಿಂದಲೇ. ಚಿಕ್ಕಂದಿನಿಂದ ಸೋರ್ತಾ ಉಂಟು. ಯಜಮಾನರಿಗೆ ಹೇಳ್ಬೇಡಿ, ಅಡಿಗೆಮನೆಗೆ ಬಿಡ್ಲಿಕ್ಕಿಲ್ಲ."

ಗೊತ್ತಾಗಿದ್ದರೆ ನಮ್ಮವರು ಅಂದೇ ಅವರನ್ನು ಊರಿನ ರೈಲು ಹತ್ತಿಸುತ್ತಿದ್ದರು. ಅದು ತಿಳಿದೂ ಭಟ್ಟರು ತೋರಿಸಿದ್ದರು.

ಔಷಧಿಯಾದ ಮೇಲೆ ಮಗಳ ಕಿವಿ ಒಣಗಿ, ಮುಕ್ಕಾಲು ಪಾಲು ಕೇಳಿಸತೊಡಗಿತು. ಭಟ್ಟರದು ಸೋರುವುದು ನಿಂತಿತು, ಕಿವುಡು ಹೋಗಲಿಲ್ಲ. ಇನ್ನೂ ಕೆಲವು ವರ್ಷ ನಮ್ಮಲ್ಲೇ ದೋಸೆ ಹಾಕಿ, ಎದೆನೋವು ಬಂದು ತೀರಿಕೊಂಡರು. ಬದುಕಿದ್ದಾಗ ಅವರಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ. ನನಗೆ ಅದು ಬರುವುದಿಲ್ಲ. ಅವರಿಗೆಂದು ನಾನು ಮಾಡಿದ್ದು ಒಂದೇ. ಅವರು ಹತ್ತಿ ತೆಗೆದು ತೋರಿಸಿದ ಮಾರನೆಯ ಬೆಳಿಗ್ಗೆ, ಭಟ್ಟರಿಗೆ ಹಲ್ಲುನೋವು ಎಂದು ಯಜಮಾನರಿಗೆ ಸುಳ್ಳು ಹೇಳಿ, ಕಾವಲಿಗೆ ಬೇರೆಯವರನ್ನು ನಿಲ್ಲಿಸಿ, ಮಗಳು, ಭಟ್ಟರು ಇಬ್ಬರನ್ನೂ ಕರೆದುಕೊಂಡು ಹೋಗಿ, ಆಸ್ಪತ್ರೆಯಲ್ಲಿ ಕಿವಿ ಡಾಕ್ಟರಿಗೆ ತೋರಿಸಲು ಎರಡು ಚೀಟಿ ಬರೆಸಿದೆ.