ಅವರು ಕರೆದ ಹೆಸರುಗಳು

ಸ್ಟಾರ್ಟ್ ಆಗದ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ಕಿವಿಗಿಟ್ಟುಕೊಳ್ಳುವುದು ನಮ್ಮ ಮನೆಯವರ ಅಭ್ಯಾಸ. ಒಳಗೆ ಡಿಸ್ಕ್ ಕಟಕಟ ಎಂದರೆ ಮುಖ ಸಪ್ಪಗಾಗುತ್ತಿತ್ತು. "ಇನ್ನು ಬಟನ್ ಮುಟ್ಟಬೇಡಿ ಮಾರಾಯ್ರೆ. ಒತ್ತಿ ಒತ್ತಿ ಅದರ ಅರ್ಧ ಜೀವ ತೆಗ್ದಿದ್ದೀರಿ" ಎಂದು ಗದರುತ್ತಿದ್ದರು.

ಮೂರ್ನಾಡಿನ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮೋಹನಣ್ಣ ಎಂದರೆ ಹುದಿಕೇರಿಯವರೆಗೂ ಗೊತ್ತು. ಮೊದಲು ಡಿಸ್ಕ್ ಬಿಚ್ಚಿ, ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ ಫೈಲುಗಳನ್ನೆಲ್ಲ ಇಳಿಸಿಕೊಳ್ಳುತ್ತಿದ್ದರು. ಆಮೇಲೆಯೇ ಹೊಸದಾಗಿ ವಿಂಡೋಸ್ ಹಾಕುವುದು. ಕೊನೆಗೆ ಕ್ಯಾಮೆರಾ, ಮೈಕ್ ಸರಿಯಿದೆಯೇ ಎಂದು ನೋಡಲು ತಲೆ ಬಾಚಿಕೊಂಡು ಕೂತು, ಆ ಲ್ಯಾಪ್‌ಟಾಪ್ ಯಾರದ್ದೋ ಅವರ ಹೆಸರು ಕರೆದು ಅದರಲ್ಲೇ ರೆಕಾರ್ಡ್ ಮಾಡುತ್ತಿದ್ದರು. "ಪೂವಯ್ಯಣ್ಣಾ, ಕೇಳಿಸ್ತಾ? ಮೊಮ್ಮಗಳ ಫೋಟೋ ಎಲ್ಲಾ ಬಂತು. ಇನ್ನಾದ್ರೂ ಪೆನ್‌ಡ್ರೈವಿಗೂ ಒಂದು ಹಾಕಿಡಿ." ಆ ವಿಡಿಯೋ ಅಳಿಸದೆ ಅದರಲ್ಲೇ ಬಿಟ್ಟು ಕೊಡುವರು.

ನನ್ನನ್ನು ಮಾತ್ರ ಹೆಸರು ಹಿಡಿದು ಕರೆದವರಲ್ಲ. ಹಾಸನದ ಕಡೆಯಿಂದ ಬಂದ ನಮ್ಮಲ್ಲಿ ಹಾಗೆಯೇ. ನನಗೆ ಅವರು "ರೀ", ಅವರಿಗೆ ನಾನು "ಇವಳೇ".

ಒಮ್ಮೆ ರಿಪೇರಿಗೆ ಕೊಟ್ಟ ಲ್ಯಾಪ್‌ಟಾಪ್ ಒಯ್ಯಲು ಅಮ್ಮತ್ತಿಯಿಂದ ದೇಚಮ್ಮ ಬಂದಿದ್ದಳು. ಹೋಂಸ್ಟೇ ನಡೆಸುವವಳು, ನನ್ನದೇ ವಯಸ್ಸು, ನಗು ಜೋರು. ಅವಳ ಮದುವೆಯ ಫೋಟೋಗಳು ಒಂದೂ ಬಿಡದೆ ಸಿಕ್ಕಿದ್ದವು. "ದೇಚಮ್ಮಾ, ಕೇಳಿಸ್ತಾ?" ಎಂದು ಇವರು ರೆಕಾರ್ಡ್ ಮಾಡಿದರೆ, "ಹೀಗೆ ಸೊರಗಿದ ಹಾಗೆ ಕರೀತಾರಾ ಮೋಹನಣ್ಣ? ಇನ್ನೊಂದ್ಸಲ!" ಎಂದಳು. ಇವರೂ ನಗುತ್ತ ಕರೆದರು. ನಾನು ಕಾಫಿ ಲೋಟ ಕುಕ್ಕಿದೆ.

"ಊರವರ ಹೆಸರೆಲ್ಲ ಬಾಯಲ್ಲಿದೆ. ಮನೇಲಿರೋಳದ್ದು ನೆನಪಿದ್ಯಾ?"

"ನೀನೇನು ಕೆಟ್ಟು ಬಂದಿರೋ ಲ್ಯಾಪ್‌ಟಾಪಾ, ಕರ್ದು ಟೆಸ್ಟ್ ಮಾಡಕ್ಕೆ?"

ದೇಚಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಹೋದ ವರ್ಷ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಕೆಲವು ತಿಂಗಳಿಗೆ ಅವರ ಲ್ಯಾಪ್‌ಟಾಪೂ ಸ್ಟಾರ್ಟ್ ಆಗದೆ ಹೋಯಿತು. ಮಡಿಕೇರಿಯ ಅಂಗಡಿಯ ಹುಡುಗ ಎಲ್ಲ ತೆಗೆದು, ವಿಂಡೋಸ್ ಹಾಕಿ, "ಒಂದೂ ಹೋಗಿಲ್ಲ ಅಕ್ಕ" ಎಂದ. ಒಂದೊಂದೇ ಫೈಲು ತೆರೆದು ನೋಡಿದೆ. ಕರೆಂಟ್ ಬಿಲ್ಲು, ಯಾರ್ಯಾರದೋ ಗೃಹಪ್ರವೇಶ, ನಾಮಕರಣ. ಅವರ ದನಿ ಎಲ್ಲೂ ಇರಲಿಲ್ಲ. ಊರವರದ್ದನ್ನೆಲ್ಲ ಟೆಸ್ಟ್ ಮಾಡಿದವರು ತಮ್ಮದನ್ನು ಮಾಡಿರಲಿಲ್ಲ. ಮೊಬೈಲಿನಲ್ಲಿ ನಾನು ಏನು ಕೇಳಿದ್ದರೂ ಅವರ ಉತ್ತರ ಒಂದು ಹೆಬ್ಬೆರಳ ಚಿತ್ರ, ಅಷ್ಟೇ.

ಮೊನ್ನೆ ದೇಚಮ್ಮ ಬಂದಳು. ಈ ಸಲ ನಗಲಿಲ್ಲ. "ಅಕ್ಕ, ಮೋಹನಣ್ಣ ನನ್ನ ಲ್ಯಾಪ್‌ಟಾಪಲ್ಲಿ ಇದ್ದಾರೆ. ನಿಮಗೆ ಬೇಕಾಗ್ಬಹುದು ಅಂತ..."

ಇಷ್ಟು ದಿನ ಅವರು ಇವಳ ಮನೆಯಲ್ಲಿದ್ದರು. ಬೇಕೆನಿಸಿದಾಗ ನೋಡಿದ್ದಾಳೆ. ಬೇಡ ಎನ್ನಬೇಕೆನಿಸಿತು. "ಹಾಕಿ ಕೊಡಿ" ಎಂದು ಮೊಬೈಲ್ ಚಾಚಿದೆ. ಕಾಫಿ ಕುಡಿದು ಹೋಗಿ ಎಂದು ಹೇಳಲೂ ಮನಸ್ಸಾಗಲಿಲ್ಲ.

ಕೆಲಸ ಮುಗಿದ ಮೇಲೆ ಈಗ ದಿನವೂ ಹಾಕಿಕೊಳ್ಳುತ್ತೇನೆ. ತಲೆ ಬಾಚಿಕೊಂಡು ಕೂತಿದ್ದಾರೆ. "ದೇಚಮ್ಮಾ, ಕೇಳಿಸ್ತಾ?" ಎಂದು ಕರೆದು, ಕಣ್ಣರಳಿಸಿ ಸ್ವಲ್ಪ ಹೊತ್ತು ಕಾಯುತ್ತಾರೆ. ಹೊಟ್ಟೆ ಉರಿಯುತ್ತದೆ. ಆದರೂ, ಅವರನ್ನು ಹಾಗೆ ಕಾಯಿಸಲಾರದೆ, "ಹೂಂ, ಕೇಳಿಸ್ತು" ಎನ್ನುತ್ತೇನೆ.