ಹುಳುಮನೆಯಲ್ಲಿ ಸೋತ ಸಲ್ಫಾ

ನಿವೃತ್ತಿಯ ಹಿಂದಿನ ವರ್ಷ ನಾನು ರಾಮನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಆಗ ಕೆಲವು ಹೊಸ ಸಲ್ಫೋನಮೈಡ್ ಸಂಯುಕ್ತಗಳನ್ನು ತಯಾರಿಸಿದ್ದೆ. ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲಿಕ್ ಆಮ್ಲವನ್ನು ತಾನೇ ಮಾಡಿಕೊಳ್ಳುತ್ತದೆ. ಸಲ್ಫೋನಮೈಡ್, ಅಂದರೆ ಸಲ್ಫಾ ಮದ್ದು, ಆ ಅಡುಗೆಯನ್ನೇ ಕೆಡಿಸುತ್ತದೆ. ಕೈಲಾಂಚದ ರೇಷ್ಮೆ ಬೆಳೆಗಾರ್ತಿ ರತ್ನಮ್ಮನವರ ಮನೆಯ ಸತ್ತ ಹುಳುವಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಪರೀಕ್ಷಿಸಿದೆ. ಒಂದು ಸಂಯುಕ್ತ ಹೀರಿಸಿದ ಕಾಗದದ ಬಿಲ್ಲೆಯ ಸುತ್ತ ಗಾಜಿನ ಪೆಟ್ರಿ ಪ್ಲೇಟಿನಲ್ಲಿ ಏನೂ ಬೆಳೆಯದ ದೊಡ್ಡ ವೃತ್ತ ಮೂಡಿತು. ಅದರ ಕರಗುವ ಬಿಂದುವೂ ಕರಾರುವಾಕ್ಕಾಗಿ ಬಂದು, ಶುದ್ಧವಾಗಿದೆ ಎಂಬುದು ಖಾತ್ರಿಯಾಗಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸುದ್ದಿ ತಿಳಿದ ರತ್ನಮ್ಮ ಫೋನ್ ಮಾಡಿದರು.

"ಆ ಮದ್ದು ಒಸಿ ಕೊಡಿ ಮೇಡಂ. ಎಲ್ಡು ಬೆಳೆ ಹೋಯ್ತು. ಇದೂ ಹೋದ್ರೆ ಸೊಪ್ಪಿನ್ ತೋಟ ಕಿತ್ತಾಕ್ಬುಡ್ತೀನಿ."

ಒಂದೇ ಒಂದು ತಟ್ಟೆಯ ಹುಳುಗಳ ಮೇಲೆ ಪ್ರಯೋಗಿಸಿ ನೋಡೋಣವೆಂದು ಸೀಸೆ ಹಿಡಿದು ಹೋದೆ.

ದೊಡ್ಡ ಹುಳುಗಳು ಸೊಪ್ಪು ತಿನ್ನುವ ಸದ್ದು ಜಿಟಿಜಿಟಿ ಮಳೆಯ ಹಾಗಿರುತ್ತದೆ. ಅಂದು ಹುಳುಮನೆಯಲ್ಲಿ ಸದ್ದೇ ಇರಲಿಲ್ಲ.

"ಜ್ವರಕ್ಕೆ ಕೂತವೆ, ಮುಟ್ಬ್ಯಾಡಿ" ಎಂದು ರತ್ನಮ್ಮ ಪಿಸುಗುಟ್ಟಿದರು.

ಪೊರೆ ಕಳಚುವ ಮುಂಚಿನ ಹೊತ್ತನ್ನು ಇಲ್ಲಿ ಜ್ವರ ಎನ್ನುತ್ತಾರೆ. ಹುಳು ತಿನ್ನದೆ, ಅಲುಗದೆ ಕೂರುತ್ತದೆ. ಆಗ ಮುಟ್ಟಿದರೆ ಸಾಯಬಹುದೆಂದು ಯಾರೂ ಕೆಣಕುವುದಿಲ್ಲ. ಮಬ್ಬು ಬೆಳಕಿನಲ್ಲಿ ಸಾವಿರಾರು ಹುಳುಗಳು ನಿಶ್ಚಲವಾಗಿದ್ದವು. ಆದರೆ ವಾಸನೆ ಸರಿಯಿರಲಿಲ್ಲ. ಚಿಮಟದಿಂದ ಒಂದನ್ನು ಮುಟ್ಟಿದೆ. ತೊಗಲು ಕಿತ್ತುಬಂದು ಕಪ್ಪು ರಸ ಸುರಿಯಿತು. ಪಕ್ಕದ್ದು ಜೀವಂತವಾಗಿತ್ತು. ಅದರಾಚೆಯದು ಸತ್ತಿತ್ತು. ನೋಡಲು ಮೂರೂ ಒಂದೇ. ನಾನು ಹೆದರಿದೆ.

ಸೀಸೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಕೊಳೆತ ದೇಹದಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ್ದೆಲ್ಲ ಸಿದ್ಧವಾಗಿ ಸಿಗುತ್ತದೆ, ಅಡುಗೆಯೇ ಬೇಕಿಲ್ಲ. ಅಲ್ಲಿ ಸಲ್ಫಾದ ಆಟ ನಡೆಯದು. ಸತ್ತವನ್ನು ಆರಿಸಿ ತೆಗೆಯದೆ ಬೇರೆ ದಾರಿಯಿಲ್ಲವೆಂದೆ.

"ನಾವ್ ಮುಟ್ಟಿ ಬದ್ಕಿರೋವೂ ಹೋದ್ರೆ?"

ಕೆಲವು ಹೋಗಬಹುದೆಂದೆ. ರತ್ನಮ್ಮ ಕೂತು ಒಂದೊಂದನ್ನೇ ಬೆರಳಿನಿಂದ ಮುಟ್ಟತೊಡಗಿದರು. ಸಂಜೆಯ ಹೊತ್ತಿಗೆ ಸತ್ತವನ್ನು ಹಾಕಲು ಇಟ್ಟ ಸುಣ್ಣದ ಬೇಸಿನ್ನು ತುಂಬಿತ್ತು. ಕೈ ತೊಳೆಯುತ್ತಾ ಕೇಳಿದರು:

"ನಿಮ್ ಗಾಜಿನ್ ತಟ್ಟೇಲಿ ಸತ್ತವು ಇರ್ನಿಲ್ವಾ ಮೇಡಂ?"

"ಇರಲಿಲ್ಲ" ಎಂದೆ.

ಆ ಕಪ್ಪು ರಸವನ್ನು ಕಾಲೇಜಿಗೆ ಒಯ್ದು, ಸೋಸಿ ಹೊಸ ಪ್ಲೇಟಿಗೆ ಬೆರೆಸಿ, ಅದೇ ಸಂಯುಕ್ತ ಇಟ್ಟು ನೋಡಿದೆ. ಮರುದಿನ ವೃತ್ತವೇ ಇಲ್ಲ. ಬ್ಯಾಕ್ಟೀರಿಯಾ ಮದ್ದಿನ ಬಿಲ್ಲೆಯ ಮೇಲೂ ಹತ್ತಿ ಹಬ್ಬಿತ್ತು.

ರತ್ನಮ್ಮನವರ ಹುಳುಗಳಲ್ಲಿ ಅರ್ಧಕ್ಕಿಂತ ಕಡಿಮೆ ಗೂಡು ಕಟ್ಟಿದವು. ಆದರೂ ಅವರು ತೋಟ ಕೀಳಲಿಲ್ಲ. ನಿವೃತ್ತಿಯವರೆಗೂ ನನ್ನ ಪ್ರತಿ ಪರೀಕ್ಷೆಯಲ್ಲಿ ಒಂದು ಪ್ಲೇಟಿಗೆ ಕೊಳೆತದ್ದರ ರಸ ಬೆರೆಸಿದೆ. ಮದ್ದು ಏನನ್ನು ಕೊಲ್ಲುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಅದರ ಸುತ್ತ ಆಗಲೇ ಸತ್ತು ಬಿದ್ದವೆಷ್ಟು ಎಂಬುದನ್ನೂ ಮುಟ್ಟಿ ನೋಡಬೇಕು.